ಅರವತ್ತು ಲೀಟರ್ ಗಾಳಿ

ಪೆಟ್ಟಿಗೆಯ ಮುಂಬದಿಯ ಹಲಗೆ ಎಡಗಡೆಯ ಮೇಲಿನ ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದು ನಿಂತಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ, ಉಗುರು ಆಡಿಸಿದರೆ ಮಾತ್ರ ತಡೆಯುತ್ತಿತ್ತು. ಅವಳು ಹಲಗೆಯನ್ನು ಮತ್ತೆ ಎತ್ತಿ, ಆ ಮೂಲೆಯನ್ನು ಉಜ್ಜುಕಾಗದದಿಂದ ನಾಲ್ಕು ಸಲ ತಿಕ್ಕಿ, ಊದಿ, ಮತ್ತೆ ಕೂರಿಸಿದಳು. ಮತ್ತೆ ತಡೆಯಿತು. ಭಾನುವಾರದ ಬೆಳಗು, ಒಂಬತ್ತು ದಾಟಿರಬೇಕು. ಹಿಂದಿನ ವರಾಂಡದಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ಎರಡು ಸ್ಟೂಲುಗಳ ಮೇಲೆ ಪೆಟ್ಟಿಗೆ ಕೂತಿತ್ತು: ನಾಲ್ಕು ಬದಿ, ಒಂದು ಬೆನ್ನು, ಮುಖ ಮಾತ್ರ ಬಾಕಿ. ಮೂರು ಭಾನುವಾರಗಳ ಕೆಲಸ. ತನ್ನ ಬೇಸ್ ಗಿಟಾರಿಗೆ ತಾನೇ ಸ್ಪೀಕರ್ ಪೆಟ್ಟಿಗೆ ಮಾಡಿಕೊಳ್ಳುತ್ತೇನೆ ಎಂದು ಹೇಳಿದ ದಿನ ಗಂಡ, "ಅಂಗಡಿಯಲ್ಲಿ ಸಿಗಲ್ವಾ?" ಎಂದಿದ್ದ. ಮಾವ ಏನೂ ಅಂದಿರಲಿಲ್ಲ. ಈಗಲೂ ಅಡುಗೆಮನೆಯ ಕಿಟಕಿಯ ಹಿಂದೆ ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದಾರೆಂದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಮೂರು ವಾರದಿಂದ ಹೀಗೆಯೇ. ಚೆನ್ನಾಗಿದೆ ಎಂದಿಲ್ಲ, ಕೆಟ್ಟಿದೆ ಎಂದಿಲ್ಲ. ನಲವತ್ತು ವರ್ಷ ಮರಗೆಲಸ ಮಾಡಿದ ಮನುಷ್ಯ, ಹತ್ತು ಹೆಜ್ಜೆ ದೂರದಲ್ಲಿ ಸೊಸೆ ಪ್ಲೈವುಡ್ಡಿನ ಜೊತೆ ಗುದ್ದಾಡುತ್ತಿದ್ದರೂ ಹೊಸ್ತಿಲು ದಾಟಿ ಬಂದಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ.

ಎರಡು ವರ್ಷದ ಹಿಂದೆ ಸ್ನಾನದಮನೆಯ ಬಾಗಿಲು ಸರಿ ಮಾಡುವಾಗ ಉಳಿ ಜಾರಿ ಅವರ ಎಡಗೈ ಹೆಬ್ಬೆರಳಿಗೆ ಐದು ಹೊಲಿಗೆ ಬಿದ್ದವು. ಆಗಲೇ ಕೈ ನಡುಗಲು ಶುರುವಾಗಿತ್ತು, ಮನೆಯವರೆಲ್ಲ ನೋಡಿಯೂ ನೋಡದ ಹಾಗಿದ್ದರು. ಮರುವಾರ ಅವರು ಮಧ್ಯಾಹ್ನ ಮಲಗಿದ್ದಾಗ ಅವಳು ಮರಗೆಲಸ ಕಲಿಸುವ ಶಾಲೆಯೊಂದಕ್ಕೆ ಫೋನು ಮಾಡಿ, ಅಟ್ಟದ ಮೇಲಿದ್ದ ಹತಾರದ ಪೆಟ್ಟಿಗೆಯನ್ನು ಶಾಲೆಯವರ ಗಾಡಿಗೆ ಹಾಕಿಸಿ ಕಳಿಸಿಬಿಟ್ಟಳು. ಉಳಿಗಳು, ಕೀಸುಳಿ, ಮೂರು ಗರಗಸ, ಹಿಡಿ ಸವೆದು ಬೆರಳಿನ ಅಚ್ಚು ಬಿದ್ದಿದ್ದ ಸುತ್ತಿಗೆ. ಒಳ್ಳೆಯದಕ್ಕೇ ಮಾಡಿದ್ದು. ಕಲಿಯುವವರ ಕೈಗೆ ಹೋಗುತ್ತದೆ, ಇವರ ಕೈ ಉಳಿಯುತ್ತದೆ. ಸಂಜೆ ಮಾವ ಎದ್ದು ಏನೋ ಬೇಕೆಂದು ಏಣಿ ಹತ್ತಿ, ಬಹಳ ಹೊತ್ತು ಅಟ್ಟದೊಳಗೆ ತಲೆ ಇಟ್ಟುಕೊಂಡೇ ನಿಂತಿದ್ದರು. ಇಳಿದು ಬಂದು, "ಒಳ್ಳೆಯದಾಯ್ತು ಬಿಡು, ಜಾಗ ಆಯ್ತು," ಎಂದರು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಜಾಗ ಆಯ್ತು ಎಂಬ ಆ ಮಾತು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಎರಡು ವರ್ಷದಿಂದ ಅಲ್ಲೇ ಇತ್ತು. ಈಗ ಮೂರು ವಾರದಿಂದ ಪಕ್ಕದ ಮನೆಯವರ ಡ್ರಿಲ್ಲು, ಸಹೋದ್ಯೋಗಿಯ ಗರಗಸ ಎಂದು ಕಂಡಕಂಡವರಲ್ಲಿ ಬೇಡಿ ತರುತ್ತಿದ್ದಳು. ಹಾಗೆ ತಂದದ್ದನ್ನು ಮನೆಯೊಳಗೆ ಒಯ್ಯುವಾಗ ಚೀಲದಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದಳು, ಕದ್ದ ಮಾಲಿನಂತೆ.

ಹಲಗೆಯನ್ನು ಇನ್ನೊಮ್ಮೆ ತಿಕ್ಕಲು ಹೋದವಳು ನಿಂತಳು. ಕೆಲಸದ ಚೀಲದಿಂದ ಬೆರಳುದ್ದದ ನೀಲಿ ಕಾಗದದ ಪಟ್ಟಿಗಳನ್ನು ತೆಗೆದಳು. ಹದಿನೆಂಟು ವರ್ಷದಿಂದ ಅವಳು ಹಲ್ಲಿನ ಲ್ಯಾಬಿನಲ್ಲಿ ಕೂತು ಊರವರ ಬಾಯಿಗೆ ಹಲ್ಲು ಮಾಡುತ್ತಿದ್ದಾಳೆ. ಅಚ್ಚು ಬರುತ್ತದೆ, ಮೇಣದಲ್ಲಿ ಒಸಡು ಕಟ್ಟುತ್ತಾಳೆ, ಹಲ್ಲು ಜೋಡಿಸುತ್ತಾಳೆ, ಉಜ್ಜಿ ಹೊಳಪು ಕೊಟ್ಟು ಡಬ್ಬಿಯಲ್ಲಿ ಹಾಕಿ ಕಳಿಸುತ್ತಾಳೆ. ಯಾರದೋ ನಗು ಅದರ ಮೇಲೆ ನಿಲ್ಲುತ್ತದೆ. ಅವರು ಡಾಕ್ಟರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಅದು ಅವಳಿಗೆ ಯಾವತ್ತೂ ಬೇಸರವೆನಿಸಿರಲಿಲ್ಲ. ಅಥವಾ ಬೇಸರವೆನ್ನುವುದಕ್ಕೆ ಪುರಸೊತ್ತು ಇರಲಿಲ್ಲ. ಪಟ್ಟಿಗಳನ್ನು ಪೆಟ್ಟಿಗೆಯ ಅಂಚಿನುದ್ದಕ್ಕೂ ಹಾಸಿ, ಹಲಗೆಯನ್ನು ಮೇಲಿಟ್ಟು, ಅಂಗೈ ಊರಿ ಮೈಭಾರವೆಲ್ಲ ಬಿಟ್ಟು ಒತ್ತಿದಳು.

"ಅದೇನಮ್ಮ ಅದು?"

ಮಾವ ಹೊಸ್ತಿಲಿಗೆ ಬಂದಿದ್ದರು.

"ಕಚ್ಚೋ ಕಾಗದ, ಮಾವ. ಹಲ್ಲಿನ ಸೆಟ್ ಮಾಡಿದಾಗ ಎಲ್ಲಿ ಜಾಸ್ತಿ ತಾಗುತ್ತೆ ಅಂತ ನೋಡೋಕೆ. ಮಧ್ಯೆ ಇಟ್ಟು ಕಚ್ಚಿಸಿದ್ರೆ, ಎತ್ತರ ಇರೋ ಕಡೆ ನೀಲಿ ಬೀಳುತ್ತೆ."

"ಹಲಗೆ ಕಚ್ಚುತ್ತಾ?"

"ಕಚ್ಚದೆ ಏನು ಮಾಡುತ್ತೆ, ನಾನಿದೀನಲ್ಲ."

ಹಲಗೆ ಎತ್ತಿದಳು. ನೀಲಿ ಚುಕ್ಕೆ ಇದ್ದದ್ದು ಎದ್ದು ನಿಂತ ಮೂಲೆಯಲ್ಲಿ ಅಲ್ಲವೇ ಅಲ್ಲ. ಅಲ್ಲಿಂದ ಗೇಣುದ್ದ ಆಚೆ, ಹಲಗೆ ಕೂರುವ ಒಳಗಿನ ಮರದ ಪಟ್ಟಿಯ ಮೇಲೆ, ಒಣಗಿ ಕಲ್ಲಾಗಿದ್ದ ಅಂಟಿನ ಒಂದು ಹನಿಯ ನೆತ್ತಿಯಲ್ಲಿ ಸಾಸಿವೆಯಷ್ಟು ನೀಲಿ. ಬೆಳಗಿನಿಂದ ಅವಳು ಏನೂ ತಪ್ಪು ಮಾಡದ ಮೂಲೆಯನ್ನು ತಿಕ್ಕಿ ತಿಕ್ಕಿ ಸಾಯಿಸುತ್ತಿದ್ದಳು. ಲ್ಯಾಬಿನ ಚಿಕ್ಕ ಚಾಕುವಿನಿಂದ ಹನಿಯನ್ನು ಕೆರೆದು, ಹಲಗೆ ಇಟ್ಟಳು. ಉಗುರು ಎಲ್ಲೂ ತಡೆಯಲಿಲ್ಲ. ಮಾವ ಬಾಗಿ, ತಮ್ಮ ಉಗುರು ಆಡಿಸಿದರು. ನಾಲ್ಕೂ ಮೂಲೆ. ನಡುಗುವ ಬೆರಳು ಮರದ ಮೇಲೆ ಇಟ್ಟೊಡನೆ ನಡುಗುವುದನ್ನು ನಿಲ್ಲಿಸಿತ್ತೆಂದು ಅವಳಿಗೆ ಕಂಡಿತು, ಅಥವಾ ಹಾಗೆ ಕಾಣಬೇಕೆಂದು ಅವಳಿಗೆ ಆಸೆ ಇತ್ತು.

"ನಾವು ಸೀಮೆಸುಣ್ಣ ಬಳಿದು ನೋಡ್ತಿದ್ವಿ," ಎಂದರು. "ತಿಳಿ ಮರದ ಮೇಲೆ ಬಿಳಿ. ಕಣ್ಣು ಹೋಗ್ತಿತ್ತು. ನಲವತ್ತು ವರ್ಷದಲ್ಲಿ ಇದು ನಮ್ಮ ಯಾರ ತಲೆಗೂ ಬರಲಿಲ್ಲ ನೋಡು. ಒಂದು ಚೂರು ಕೊಡು ಇಲ್ಲಿ." ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಎರಡಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಅದರಿಂದ ಅವರಿಗೆ ಇನ್ನೇನೂ ಆಗಬೇಕಿರಲಿಲ್ಲ. ಆದರೂ ಹಾಕಿಕೊಂಡರು. ಅವಳ ಕಿವಿ ಬಿಸಿಯಾಯಿತು, ಶಾಲೆಯಲ್ಲಿ ಹೆಸರು ಕರೆದು ನಿಲ್ಲಿಸಿ ಹೊಗಳಿದಾಗ ಆಗುತ್ತಿದ್ದ ಹಾಗೆ. ನಲವತ್ತಾರರ ಹೆಂಗಸಿಗೆ ಇದೇನು ಎಂದು ನಾಚಿಕೆಯೂ ಆಯಿತು.

"ಆದರೆ ಆ ಹನಿಗೆ ಚಾಕು ಅಲ್ಲ," ಎಂದರು ಮಾವ, "ಅರ್ಧ ಇಂಚಿನ ಉಳಿ ಇದ್ದಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿ ಪೆಟ್ಟಿಗೆಯ ಒಳಗೆ ಇಣುಕುವವರಂತೆ ಮುಖ ತಿರುಗಿಸಿದರು.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ಅವಳಿಗೆ ಅನಿಸಿತು. "ಮಾವ, ಅವತ್ತು ನಾನು ನಿಮ್ಮನ್ನ ಕೇಳಬೇಕಿತ್ತು."

ಅವರು ಯಾವತ್ತು ಎಂದು ಕೇಳಲಿಲ್ಲ. "ಕೇಳಿದ್ರೆ ಕೊಡ್ತಿದ್ದೆ," ಎಂದರು. "ಒಂದು ಉಳಿ ಮಾತ್ರ ಇಟ್ಕೊಂಡು."

"ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಮಾವ ಅವಳನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಿತು. ಸದ್ದಿಲ್ಲದ ನಗು. "ಅದೂ ನಿಜವೇ. ಆ ಒಂದು ಉಳಿಯಲ್ಲೇ ಇನ್ನೊಂದು ಬೆರಳು ಕಳ್ಕೊತಿದ್ದೆ." ಇನ್ನೊಂದು ಸ್ಟೂಲು ಎಳೆದು ಕೂತರು. "ಕೊಟ್ಟಿದ್ದಕ್ಕೆ ಸಿಟ್ಟಿಲ್ಲಮ್ಮ. ನಾನು ಮಲಗಿದ್ದಾಗ ಕೊಟ್ಟೆ ಅಂತ ಸಿಟ್ಟು. ಸತ್ತವರ ಸಾಮಾನು ಸಾಗಿಸಿದ ಹಾಗೆ." ಇಷ್ಟು ಹೇಳಿ, ಹೇಳಿ ಮುಗಿಯಿತು ಎನ್ನುವಂತೆ ಮೊಣಕಾಲು ತಟ್ಟಿಕೊಂಡರು. ಎರಡು ವರ್ಷದ ಆ ನಾರು ಸಡಿಲವಾದದ್ದು ಅವಳಿಗೆ ತಿಳಿಯಿತು. ತಪ್ಪಾಯ್ತು ಎಂದಳು. ಅವರು ಆಯ್ತು ಎಂದರು. ಅಷ್ಟೇ. ಇಷ್ಟಕ್ಕೆ ಎರಡು ವರ್ಷ ಬೇಕಿತ್ತೇ ಎಂದು ಇಬ್ಬರಿಗೂ ಅನಿಸಿರಬೇಕು. ಮಾವ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರು.

"ಎಷ್ಟು ಹಿಡಿಯುತ್ತೆ ಇದರಲ್ಲಿ?"

"ಅರವತ್ತು ಲೀಟರ್."

"ಏನು?"

"ಗಾಳಿ."

"ಗಾಳಿಗೂ ಅಳತೆಯಾ!"

ಅವಳು ವಿವರಿಸಿದಳು. ಸ್ಪೀಕರಿನ ಕಾಗದದ ಬಟ್ಟಲು ಮುಂದೆ ಹಿಂದೆ ಆಡುತ್ತದೆ. ಹಿಂದೆ ಹೋದಾಗ ಒಳಗಿನ ಗಾಳಿಯನ್ನು ಅದುಮುತ್ತದೆ. ಆ ಗಾಳಿ ದಿಂಬಿನ ಹಾಗೆ ಅದನ್ನು ವಾಪಸು ತಳ್ಳಬೇಕು. ಹೆಚ್ಚಾದರೆ ಸ್ವರ ಸಡಿಲ, ಕಡಿಮೆಯಾದರೆ ಬಿಗಿ, ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೆ ಕೆಳಗಿನ ಸ್ವರವೆಲ್ಲ ಅಲ್ಲಿಂದಲೇ ಸೋರಿ ಹೋಗುತ್ತದೆ. ಹೇಳುತ್ತಾ ಹೇಳುತ್ತಾ ತಾನು ಇದನ್ನೆಲ್ಲ ಎಷ್ಟು ಚೆನ್ನಾಗಿ ತಿಳಿದುಕೊಂಡಿದ್ದೇನೆಂದು ಅವಳಿಗೇ ಆಶ್ಚರ್ಯವಾಯಿತು. ಮಾವ ಗಂಭೀರವಾಗಿ ಕೇಳಿ, "ಹಾಗಾದ್ರೆ ನೀನು ಮಾಡ್ತಿರೋದು ಪೆಟ್ಟಿಗೆ ಅಲ್ಲ, ಒಳಗಿನ ಖಾಲಿ," ಎಂದರು. ಆಮೇಲೆ, ಮುಖ ಮುಚ್ಚುವ ಮೊದಲು ಒಳಗೆ ಹೆಸರು ಬರಿ ಎಂದರು. ಅವರು ಮಾಡಿದ ಎಲ್ಲ ಬೀರು, ಎಲ್ಲ ಮಂಚದ ಒಳಮೈಯಲ್ಲಿ, ಯಾರೂ ನೋಡದ ಕಡೆ, ಪೆನ್ಸಿಲಿನಲ್ಲಿ ಅವರ ಹೆಸರು, ತಾರೀಕು ಇದೆಯಂತೆ. "ಯಾರೂ ನೋಡಲ್ಲವಲ್ಲ ಮಾವ?" "ಮರ ನೋಡುತ್ತಲ್ಲ." ಹದಿನೆಂಟು ವರ್ಷದಲ್ಲಿ ಸಾವಿರಾರು ಬಾಯಿಗಳ ಒಳಗೆ ಹೋದ ತನ್ನ ಕೆಲಸದ ಯಾವುದರ ಮೇಲೂ ಅವಳು ಹೆಸರು ಬರೆದಿರಲಿಲ್ಲ. ಪೆನ್ಸಿಲ್ ಹಿಡಿದು ಬೆನ್ನಿನ ಹಲಗೆಯ ಒಳಗಡೆ ತನ್ನ ಹೆಸರು ಬರೆದಳು. ಅಕ್ಷರ ಸಣ್ಣದಾಯಿತೆನಿಸಿ, ಅದರ ಮೇಲೆಯೇ ಇನ್ನೊಮ್ಮೆ, ದಪ್ಪಗೆ ಬರೆದಳು.

ಅಂಟು ಹಚ್ಚಿ, ಹಲಗೆ ಕೂರಿಸಿ, ಹಳೆಯ ಸೈಕಲ್ ಟ್ಯೂಬುಗಳಿಂದ ಸುತ್ತಲೂ ಬಿಗಿದು ಪೆಟ್ಟಿಗೆಯನ್ನು ಬಿಸಿಲಿಗಿಟ್ಟಳು. ಮೂರು ಗಂಟೆ ಕಾಯಬೇಕು. ಕಾಯುವುದೇ ಕಷ್ಟ, ಕೈ ಖಾಲಿಯಾದರೆ ಆ ಸಂಜೆ ನೆನಪಿಗೆ ಬರುತ್ತದೆ. ನಾಲ್ಕು ತಿಂಗಳ ಹಿಂದೆ ಪುರಭವನದಲ್ಲಿ ಅವರ ತಂಡದ ಕಾರ್ಯಕ್ರಮ. ಹಾಡುವ ವಕೀಲರು, ಗಿಟಾರಿನ ಮೇಷ್ಟ್ರು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಡ್ರಮ್ಮಿನ ಹುಡುಗಿ, ಬೇಸ್ ಗಿಟಾರಿಗೆ ಇವಳು. ಎರಡನೇ ಹಾಡಿನಲ್ಲಿ ಅವಳ ಹಳೆಯ ಸ್ಪೀಕರ್ ಕೆಮ್ಮಿತು, ಹರಿಯಿತು, ಸುಮ್ಮನಾಯಿತು. ಧ್ವನಿ ನೋಡಿಕೊಳ್ಳುವವನು ವೇದಿಕೆಯ ಪಕ್ಕದಿಂದ ಬಗ್ಗಿಕೊಂಡು ಬಂದು ತಂತಿ ಕಿತ್ತು, ಅವಳ ಕಿವಿಯ ಹತ್ತಿರ, "ಮೇಡಂ, ನೀವು ಸುಮ್ಮನೆ ಬೆರಳು ಆಡಿಸ್ತಾ ಇರಿ. ಯಾರಿಗೂ ಗೊತ್ತಾಗಲ್ಲ," ಎಂದ. ಒರಟಾಗಿಯೇನೂ ಅಲ್ಲ, ಸಮಾಧಾನ ಹೇಳುವಂತೆ. ಅವಳು ಆಡಿಸಿದಳು. ಆರು ಹಾಡು. ಸದ್ದಿಲ್ಲದ ತಂತಿಯ ಮೇಲೆ ಸರಿಯಾದ ಜಾಗದಲ್ಲಿ ಸರಿಯಾದ ಬೆರಳು ಇಡುತ್ತಾ, ತಾಳಕ್ಕೆ ತಲೆ ಹಾಕುತ್ತಾ, ಕೊನೆಗೆ ಎಲ್ಲರ ಜೊತೆ ಬಾಗಿ ನಮಸ್ಕಾರವನ್ನೂ ಮಾಡಿದಳು. ಅವನು ಹೇಳಿದ್ದು ನಿಜವಾಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ವಕೀಲರು ಇವತ್ತು ಎಲ್ಲ ಕೂಡಿ ಬಂತು ಎಂದರು. ಗಂಡ ಭರ್ಜರಿಯಾಗಿತ್ತು ಎಂದ. ಮನೆಗೆ ಬರುವ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಿಂದ ಮಾವ ಒಬ್ಬರೇ, "ನಿನ್ನದು ಇವತ್ತು ಯಾಕೋ ಮಾತಾಡಲಿಲ್ಲವಲ್ಲಮ್ಮ," ಎಂದರು. ಕಿವಿ ಮಂದವಾಗಿರುವ ಮಾವ. ಅವಳು ತಿರುಗದೆ, "ನಿಮಗೆ ಕಿವಿ ಕೇಳಿಸಲ್ಲ ಮಾವ, ಬಿಡಿ," ಎಂದಿದ್ದಳು.

ಊಟದ ನಂತರ ಟ್ಯೂಬು ಬಿಚ್ಚಿದಳು. ಮುಂದಿನ ಹಲಗೆಯ ದುಂಡು ತೂತಿಗೆ ಹನ್ನೆರಡು ಇಂಚಿನ ಸ್ಪೀಕರ್ ಕೂರಿಸುವ ಮೊದಲು ಗೋಡೆ ಗಡಿಯಾರದ ಬ್ಯಾಟರಿ ತೆಗೆದು ಅದರ ಎರಡು ತಂತಿಗೆ ತಾಗಿಸಿದಳು. ಬಟ್ಟಲು ಪಟಕ್ಕನೆ ಮುಂದಕ್ಕೆ ಜಿಗಿದು ನಿಂತಿತು, ಕರೆದೊಡನೆ ಎದ್ದು ನಿಂತವರ ಹಾಗೆ. ತಂತಿ ಸರಿಯಿದೆ. ಸ್ಕ್ರೂ ಬಿಗಿದು, ಧ್ವನಿ ಹಿಗ್ಗಿಸುವ ಆಂಪಿಗೆ ಜೋಡಿಸಿ, ಗಿಟಾರ್ ಹೆಗಲಿಗೆ ಹಾಕಿ, ಎಲ್ಲಕ್ಕಿಂತ ಕೆಳಗಿನ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದಳು. ಸ್ವರ ಬಂತು, ಇಲ್ಲವೆನ್ನುವಂತಿಲ್ಲ. ಆದರೆ ಅದರ ಬಾಲದಲ್ಲಿ ಸುಯ್ ಎನ್ನುವ ಒಂದು ಸಣ್ಣ ಉಸಿರು. ಎಲ್ಲೋ ಸೋರುತ್ತಿದೆ. ಪೆಟ್ಟಿಗೆಯ ಸುತ್ತ ಕಿವಿಯಿಟ್ಟು ಸುತ್ತಿದಳು. ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು, ಎಲ್ಲಿಂದಲೂ ಬರುತ್ತಿರಲಿಲ್ಲ.

ಮಾವ ನೆಲಕ್ಕೆ ಕೂತರು. ಬೆರಳನ್ನು ಲೋಟದ ನೀರಲ್ಲಿ ಅದ್ದಿ, "ನುಡಿಸು," ಎಂದರು. ಅವಳು ನುಡಿಸಿದಳು. ಒದ್ದೆ ಬೆರಳು ಕೀಲಿನಿಂದ ಕೀಲಿಗೆ, ಮರಕ್ಕೆ ತಾಗದೆ, ನಿಧಾನವಾಗಿ ಹೋಯಿತು. "ನಿಲ್ಲಿಸಬೇಡ." ಮತ್ತೆ ಅದ್ದಿದರು. ಬೆನ್ನಿನ ಹಲಗೆಗೆ ಬಂದರು. ತಂತಿ ಸಿಕ್ಕಿಸುವ ತಗಡಿನ ಕೆಳಗೆ ಬೆರಳು ನಿಂತಿತು. "ಇಲ್ಲಿ. ತಣ್ಣಗೆ ಊದ್ತಿದೆ, ನೋಡು." ಅವಳೂ ಬೆರಳು ಒದ್ದೆ ಮಾಡಿ ಹಿಡಿದಳು. ಹೌದು, ಪ್ರತಿ ಮೀಟಿಗೂ ಸಣ್ಣ ತಣ್ಣನೆಯ ಉಸಿರು. ಇಬ್ಬರ ಬೆರಳೂ ಅಕ್ಕಪಕ್ಕ ಅಲ್ಲೇ ಇದ್ದಾಗ ಅವಳು ಸ್ವಲ್ಪ ಜೋರಾಗಿಯೇ ಹೇಳಿದಳು: "ಮಾವ, ಅವತ್ತು ಪುರಭವನದಲ್ಲಿ ನಿಮಗೆ ಸರಿಯಾಗೇ ಕೇಳಿಸಿತ್ತು. ಆರು ಹಾಡಲ್ಲೂ ನಂದು ಸದ್ದೇ ಇರಲಿಲ್ಲ."

"ಗೊತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀನೇ 'ಬಿಡಿ' ಅಂದೆಯಲ್ಲ." ಅಷ್ಟು ಹೇಳಿ ಬೆರಳು ಒರೆಸಿಕೊಂಡರು. "ಈಗ ಇದಕ್ಕೆ ಏನು ತುಂಬ್ತೀಯ? ಮರದ ಪುಡಿ, ಅಂಟು ಕಲಸಿ ತುಂಬ್ತಿದ್ವಿ ನಾವು. ಒಂದು ದಿನ ಒಣಗಬೇಕು."

ಇವತ್ತೇ ಐದು ಗಂಟೆಗೆ ತಂಡದ ಅಭ್ಯಾಸ. ಅವಳು ಕೆಲಸದ ಚೀಲದ ತಳದಲ್ಲಿದ್ದ ಎರಡು ಸೀಸೆ ತೆಗೆದಳು. ಒಂದರಲ್ಲಿ ಗುಲಾಬಿ ಪುಡಿ, ಒಂದರಲ್ಲಿ ಮೂಗಿಗೆ ಹೊಡೆಯುವ ನೀರು. ಲ್ಯಾಬಿನಲ್ಲಿ ಒಸಡು ಮಾಡುವ ಸಾಮಾನು. ಕಲಸಿದರೆ ಹತ್ತು ನಿಮಿಷದಲ್ಲಿ ಕಲ್ಲು. ಸ್ಪೀಕರ್ ಬಿಚ್ಚಿ, ತೂತಿನೊಳಗೆ ಹೆಗಲವರೆಗೂ ಕೈ ತೂರಿಸಿ, ಕಣ್ಣಿಗೆ ಕಾಣದ ಆ ಕೀಲಿನುದ್ದಕ್ಕೂ ಬೆರಳಿನಿಂದಲೇ ತೀಡಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಹದಿನೆಂಟು ವರ್ಷ ಬೇರೆಯವರ ಬಾಯಿಯ ಅಚ್ಚಿನ ಮೇಲೆ ಓಡಾಡಿದ ಬೆರಳು. ಎಲ್ಲಿ ಎಷ್ಟು ದಪ್ಪ ಬೇಕೆಂದು ಅದಕ್ಕೆ ಯಾರೂ ಹೇಳಬೇಕಿರಲಿಲ್ಲ. ಈ ಊರಿನಲ್ಲಿ ಈ ಕೆಲಸ ಹೀಗೆ ಮಾಡಬಲ್ಲವರು ಇನ್ನೊಬ್ಬರಿಲ್ಲ ಎಂಬ ಯೋಚನೆ ಬಂತು. ಬಂದದ್ದನ್ನು ಅವಳು ಓಡಿಸಲಿಲ್ಲ.

ಬೆಳಗಿನ ಪಾಳಿ ಮುಗಿಸಿ ಬಸ್ಸಿನ ಡಿಪೋದಿಂದ ಗಂಡ ಬಂದಾಗ ಹೆಂಡತಿಯ ಕೈ ಮೊಣಕೈವರೆಗೂ ಗುಲಾಬಿ, ಅಪ್ಪ ಟಾರ್ಚು ಹಿಡಿದು ಪೆಟ್ಟಿಗೆಯೊಳಗೆ ಇಣುಕುತ್ತಿದ್ದರು. ಅವನೂ ಇಣುಕಿದ. "ಏನೇ ಇದು, ಪೆಟ್ಟಿಗೆಗೆ ಒಸಡು ಬಂದಿದೆ!"

"ಹಲ್ಲು ಬಂದಿಲ್ಲ, ಪುಣ್ಯ," ಎಂದರು ಮಾವ. "ಮಾತಾಡಿಸ್ತಾಳೆ, ಕೂತ್ಕೊ."

ಸ್ಪೀಕರ್ ಮತ್ತೆ ಕೂತಿತು. ಅವಳು ಮೀಟಿದಳು. ಈ ಸಲ ಉಸಿರಿರಲಿಲ್ಲ, ಬಾಲವಿರಲಿಲ್ಲ. ನೆಲದಿಂದಲೇ ಎದ್ದು ಬಂದ ಹಾಗೆ ದುಂಡಗಿನ, ತುಂಬಿದ ಒಂದು ಸ್ವರ ವರಾಂಡದಲ್ಲಿ ನಿಂತು, ತನಗೆ ಬೇಕಾದಷ್ಟು ಹೊತ್ತು ಇದ್ದು, ತಾನಾಗಿ ಹೋಯಿತು. ಒಗೆಯುವ ಯಂತ್ರದ ಮೇಲಿನ ಸಾಬೂನಿನ ಡಬ್ಬಿ ಗುನುಗಿತು. ಮಾವ ನೆಲದ ಮೇಲೆ ಅಂಗೈ ಊರಿ ಕೂತಿದ್ದವರು, "ಇನ್ನೊಂದು ಸಲ," ಎಂದರು. ಅವಳು ಇನ್ನೊಂದು ಸಲ ನುಡಿಸಿದಳು, ಆಮೇಲೆ ಅವರು ಕೇಳದೆಯೇ ಮೂರು ಸಲ.

ಅಭ್ಯಾಸದ ಕೋಣೆ ದರ್ಜಿ ಅಂಗಡಿಯ ಮೇಲಿನ ಮಹಡಿ. ಇಪ್ಪತ್ತೆರಡು ಮೆಟ್ಟಿಲು. ಪೆಟ್ಟಿಗೆ ತನ್ನೊಬ್ಬಳಿಗೆ ಎತ್ತಲಾಗುವಷ್ಟೇ ದೊಡ್ಡದಿರಬೇಕು ಎಂದು ಮೊದಲ ದಿನವೇ ನಿಶ್ಚಯಿಸಿ ಅಳತೆ ಹಾಕಿದ್ದಳು. ಡ್ರಮ್ಮಿನ ಹುಡುಗಿ ಅರ್ಧ ಮೆಟ್ಟಿಲು ಇಳಿದು ಬಂದು, "ಕೊಡಿ ಅಕ್ಕ, ಹಿಡೀತೀನಿ," ಎಂದಾಗ ಬೇಡವೆಂದಳು. ಮೇಲೆ ಹೋಗುವಷ್ಟರಲ್ಲಿ ಬೆವರು ಕಣ್ಣಿಗಿಳಿದಿತ್ತು. ಮೇಷ್ಟ್ರು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲಿ ತಗೊಂಡ್ರಿ ಎಂದರು. ಮಾಡಿದ್ದು ಎಂದಳು. ಯಾರು ಎಂದರು. ನಾನು ಎಂದಳು. ಅವರು ನಕ್ಕರು, ಅವಳು ನಗಲಿಲ್ಲವೆಂದು ಕಂಡು ಮತ್ತೊಮ್ಮೆ ಪೆಟ್ಟಿಗೆಯನ್ನು ನೋಡಿದರು.

ಮೊದಲ ಮೂರು ಹಾಡಿನಲ್ಲೂ ಡ್ರಮ್ಮಿನ ಹುಡುಗಿ ಇವಳ ಕಡೆ ತಿರುಗಿ ಕೂತಿದ್ದಳು, ವಕೀಲರು ಎಂದಿನಂತೆ ಕಿರುಚದೆ ಹಾಡುತ್ತಿದ್ದರು, ಕೆಳಗೆ ಹಾಸಿಗೆ ಹಾಸಿದ ಮೇಲೆ ಮೈ ಚಾಚಿದವರ ಹಾಗೆ. ನಾಲ್ಕನೇ ಹಾಡು ಅವರ ತಂಡದ ಹಳೆಯ ಹಾಡು, ನಾಲ್ಕು ವರ್ಷದಿಂದ ನುಡಿಸುತ್ತಿದ್ದದ್ದು. ಎರಡನೇ ಚರಣದಿಂದ ಪಲ್ಲವಿಗೆ ತಿರುಗುವ ಜಾಗದಲ್ಲಿ ವಕೀಲರು ಗಕ್ಕನೆ ನಿಲ್ಲಿಸಿ ಕೈ ಎತ್ತಿದರು.

"ಯಾರದು ಅದು? ಅರ್ಧ ಸ್ವರ ಕೆಳಗಿದೆ."

ಎಲ್ಲರೂ ಮೇಷ್ಟ್ರನ್ನು ನೋಡಿದರು. "ನಾನಲ್ಲಪ್ಪ," ಎಂದರು ಮೇಷ್ಟ್ರು. ಅವಳು ತನ್ನ ಎಡಗೈಯನ್ನು ನೋಡಿದಳು. ಬೆರಳು ಎಂದೂ ಇರುವಲ್ಲೇ ಇತ್ತು. ಆ ಜಾಗವನ್ನು ಒಮ್ಮೆ ಒಂಟಿಯಾಗಿ ಮೀಟಿದಳು. ವಕೀಲರು ತಮ್ಮ ಸಾಲನ್ನು ಗುನುಗಿದರು. ಒಂದಕ್ಕೊಂದು ಸೇರಲಿಲ್ಲ. ಇಡೀ ಕೋಣೆಗೆ ಕೇಳಿಸುವಂತೆ, ಗೋಡೆಗೆ ತಾಗಿ ಬರುವಂತೆ, ಸೇರಲಿಲ್ಲ.

"ನಾನೇ," ಎಂದಳು.

"ಇವತ್ತು ಬೆರಳು ಜಾರಿರಬೇಕು, ಪರವಾಗಿಲ್ಲ," ಎಂದರು ವಕೀಲರು. "ಇಷ್ಟು ದಿನ ಸರಿಯಾಗೇ ನುಡಿಸ್ತಿದ್ರಲ್ಲ."

"ಇಲ್ಲ. ಇಷ್ಟು ದಿನವೂ ಹೀಗೇ ನುಡಿಸ್ತಿದ್ದೆ."

"ನಾಲ್ಕು ವರ್ಷ?"

"ನಾಲ್ಕು ವರ್ಷ. ಆ ಹಳೆಯ ಸ್ಪೀಕರಿನಲ್ಲಿ ನನಗೂ ಕೇಳಿಸಿರಲಿಲ್ಲ."

ಡ್ರಮ್ಮಿನ ಹುಡುಗಿ ಕಿಸಕ್ಕನೆ ನಕ್ಕಳು. ಮೇಷ್ಟ್ರೂ ನಕ್ಕರು, ವಕೀಲರು ತಲೆ ಚಚ್ಚಿಕೊಂಡು, "ಅಯ್ಯೋ ದೇವರೇ, ಎಷ್ಟು ಸಭೆಯಲ್ಲಿ ಹಾಡಿದೀವಿ ಇದನ್ನ," ಎಂದು ನಕ್ಕರು. ಅವಳು ನಾಚಿಕೆಗಾಗಿ ಕಾದಳು. ಮುಖ ಬಿಸಿಯಾಗಬೇಕು, ಅಂಗೈ ಬೆವರಬೇಕು, ತಲೆ ತಗ್ಗಬೇಕು. ಇವೆಲ್ಲ ಅವಳಿಗೆ ಚೆನ್ನಾಗಿ ಪರಿಚಯವಿದ್ದ ದಾರಿಗಳು. ಯಾವುದೂ ಆಗಲಿಲ್ಲ. ನಾಲ್ಕು ಜನರಿರುವ ಕೋಣೆಯಲ್ಲಿ ಅವಳು ಒಂದು ತಪ್ಪು ಮಾಡಿದ್ದಳು, ನಾಲ್ಕೂ ಜನಕ್ಕೆ ಅದು ಗೊತ್ತಾಗಿತ್ತು. ಅವಳ ತಪ್ಪು ಹಾಡನ್ನೇ ನಿಲ್ಲಿಸಿತ್ತು. ಪೆಟ್ಟಿಗೆಯ ಮೇಲೆ ಕೈಯಿಟ್ಟಳು, ಪ್ಲೈವುಡ್ಡು ಇನ್ನೂ ಬೆಚ್ಚಗಿತ್ತು. ಗಿಟಾರಿನ ಕತ್ತಿನ ಮೇಲೆ ಬೆರಳನ್ನು ಒಂದು ಮನೆ ಮೇಲಕ್ಕೆ ಸರಿಸಿ ಮೀಟಿದಳು. ವಕೀಲರು ತಲೆಯಾಡಿಸಿದರು.

ಅಭ್ಯಾಸಬಲದಿಂದ ಅವಳ ಬಲಗೈ ಆಂಪಿನ ಧ್ವನಿಯ ಗುಂಡಿಯ ಕಡೆ ಹೋಯಿತು. ತಪ್ಪಿದಾಗಲೆಲ್ಲ ಅದನ್ನು ಒಂದಿಷ್ಟು ತಗ್ಗಿಸುವುದು ಅವಳ ರೂಢಿ. ಗುಂಡಿ ಹಿಡಿದು, ಒಂದು ಗೆರೆ ಮೇಲಕ್ಕೆ ತಿರುಗಿಸಿದಳು.

"ಹೂಂ," ಎಂದಳು ಡ್ರಮ್ಮಿನ ಹುಡುಗಿಗೆ, "ಎರಡನೇ ಚರಣದಿಂದ. ಎಣಿಸು."